ಇಬ್ಬರೇ ಇರುವ ಮನೆಯಲ್ಲಿ ಬಾಣಂತನ: ರಾತ್ರಿಗಳನ್ನು ಹೇಗೆ ದಾಟಿದಿರಿ?

ಮಾಗಡಿರೋಡ್_ಅಪ್ಪ · ರಾತ್ರಿ 3:12

ನಮಸ್ಕಾರ. ನಮಗೆ ಹೆಣ್ಣು ಮಗು ಹುಟ್ಟಿದೆ, ಎರಡನೇ ವಾರ ನಡೆಯುತ್ತಿದೆ. ನಾರ್ಮಲ್ ಹೆರಿಗೆ, ಆದರೂ ಹೊಲಿಗೆ ಬಿದ್ದಿದೆ. ನನ್ನ ಹೆಂಡತಿಗೆ ತಾಯಿ ಇಲ್ಲ. ನನ್ನ ಅಮ್ಮ ಊರಲ್ಲಿ ಅಪ್ಪನ ಡಯಾಲಿಸಿಸ್ ನೋಡಿಕೊಳ್ಳುತ್ತಿದ್ದಾರೆ, ಬಿಟ್ಟು ಬರುವ ಹಾಗಿಲ್ಲ. ಹೀಗಾಗಿ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಬಾಣಂತನ ಮಾಡಿಕೊಳ್ಳುತ್ತಿದ್ದೇವೆ. ಬೆಳಿಗ್ಗೆ ಕೆಲಸದವರು ಬಂದು ಪಾತ್ರೆ ತೊಳೆದು, ನೆಲ ಒರೆಸಿ ಹೋಗುತ್ತಾರೆ. ಅಷ್ಟೇ ಸಹಾಯ.

ಹಗಲು ಹೇಗೋ ಕಳೆಯುತ್ತದೆ. ಕಷ್ಟ ಇರೋದು ರಾತ್ರಿ. ಹಗಲೆಲ್ಲ ಮಲಗುವ ಮಗು ರಾತ್ರಿ ಹನ್ನೊಂದಕ್ಕೆ ಕಣ್ಣು ಬಿಡುತ್ತದೆ. ಹಾಲು ಕುಡಿಯುತ್ತದೆ, ನಿದ್ದೆ ಹೋಗುತ್ತದೆ, ಹಾಸಿಗೆಗೆ ಹಾಕಿದ ತಕ್ಷಣ ಮತ್ತೆ ಅಳು. ಇಬ್ಬರೂ ಎದ್ದಿರುತ್ತೇವೆ. ಬೆಳಿಗ್ಗೆ ಇಬ್ಬರಿಗೂ ಸಿಡುಕು. ಆಫೀಸಿನವರು ಕೊಟ್ಟ ರಜೆ ಮುಗಿಯುತ್ತಾ ಬಂತು. ಮುಂದಿನ ವಾರ ಲ್ಯಾಪ್‌ಟಾಪ್ ತೆರೆಯಲೇಬೇಕು.

ಇದರ ಮೇಲೆ ಫೋನಿನಲ್ಲಿ ಸಲಹೆಗಳು. ಬಾಣಂತಿಗೆ ನೀರು ಕೊಡಬೇಡಿ ಅಂತ ಒಬ್ಬರು. ಕಿವಿಗೆ ಹತ್ತಿ ಇಟ್ಟಿದ್ದೀರಾ ಅಂತ ಇನ್ನೊಬ್ಬರು. ಹಾಲು ಸಾಲುತ್ತಿಲ್ಲ, ಅದಕ್ಕೇ ಅಳುತ್ತದೆ, ಡಬ್ಬಿ ಹಾಲು ಶುರು ಮಾಡಿ ಅಂತ ಮತ್ತೊಬ್ಬರು. ಇಬ್ಬರೇ ಇದ್ದು ದಾಟಿದವರು ಯಾರಾದರೂ ಇದ್ದೀರಾ? ರಾತ್ರಿಯನ್ನು ಹೇಗೆ ಹಂಚಿಕೊಂಡಿರಿ?

ಕುವೆಂಪುನಗರ_ಅಮ್ಮ · ರಾತ್ರಿ 3:31

ಈ ಹೊತ್ತಿನಲ್ಲಿ ಉತ್ತರ ಕೊಡುತ್ತಿದ್ದೇನೆ ಅಂದರೆ ನನ್ನ ಸ್ಥಿತಿ ಏನು ಅಂತ ಗೊತ್ತಾಯಿತಲ್ಲ. ನಮ್ಮದು ಎರಡನೇ ಮಗು.

ಮೊದಲು ಒಂದು ತೀರ್ಮಾನ ಮಾಡಿ. ಒಂದೇ ಹೊತ್ತಿಗೆ ಇಬ್ಬರೂ ಎದ್ದಿರಬಾರದು. ಪ್ರೀತಿಯಿಂದ ಜೊತೆಗೆ ಕೂರೋದು ಮೊದಲ ಎರಡು ದಿನಕ್ಕೆ ಚೆಂದ, ಆಮೇಲೆ ಅದು ಇಬ್ಬರನ್ನೂ ಮುಗಿಸುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತರಿಂದ ಎರಡರವರೆಗೆ ಮಗು ಯಜಮಾನರದ್ದು. ನಾನು ಬೇರೆ ರೂಮಿನಲ್ಲಿ ಮಲಗುತ್ತೇನೆ. ಹಸಿವಾದಾಗ ಮಾತ್ರ ತಂದು ಕೊಡುತ್ತಾರೆ. ನಾನು ಹಾಲು ಕುಡಿಸಿ ಮತ್ತೆ ಮಲಗಿಬಿಡುತ್ತೇನೆ. ತೇಗಿಸೋದು, ಬಟ್ಟೆ ಬದಲಿಸೋದು, ತೂಗೋದು ಎಲ್ಲಾ ಅವರ ಪಾಲು. ಎರಡು ಗಂಟೆಗೆ ಪಾಳಿ ಬದಲು. ಆಮೇಲೆ ಮನೆಗೆ ಬೆಂಕಿ ಬಿದ್ದರೂ ಅವರನ್ನು ಎಬ್ಬಿಸೋದಿಲ್ಲ.

ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಸಿಕ್ಕಿದರೆ ಮರುದಿನ ಮನುಷ್ಯರ ಥರ ಮಾತಾಡಬಹುದು. ತುಂಡು ತುಂಡಾಗಿ ಎಂಟು ಗಂಟೆ ಮಲಗಿದರೂ ಆ ಸುಖ ಇಲ್ಲ.

ಇನ್ನೊಂದು. ಈ ವಯಸ್ಸಿನ ಮಗುವಿಗೆ ಹಗಲು ರಾತ್ರಿ ಅನ್ನೋದು ತಿಳಿಯೋದಿಲ್ಲ. ಹಗಲು ಕಿಟಕಿ ತೆರೆದಿಡಿ, ಕುಕ್ಕರ್ ಕೂಗಲಿ, ಟಿವಿ ಇರಲಿ. ರಾತ್ರಿ ಸಣ್ಣ ದೀಪ ಸಾಕು, ಮಾತು ಬೇಡ, ಆಟ ಬೇಡ. ಒಂದೇ ದಿನದಲ್ಲಿ ಆಗೋದಲ್ಲ, ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಮಾಗಡಿರೋಡ್_ಅಪ್ಪ · ರಾತ್ರಿ 3:40

ಪಾಳಿ ಸರಿ ಅಕ್ಕ. ಆದರೆ ನನ್ನ ಪಾಳಿಯಲ್ಲಿ ಅದು ಅಳೋದು ಹಸಿವಿಗೋ ಸುಮ್ನೆಯೋ ಅಂತ ನನಗೆ ಹೇಗೆ ಗೊತ್ತಾಗಬೇಕು? ಈಗತಾನೇ ಕುಡಿದಿರುತ್ತದೆ.

ಮಕ್ಕಳವಾರ್ಡ್_ಸಿಸ್ಟರ್ · ಬೆಳಿಗ್ಗೆ 7:50

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ನೈಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಅಳು ಹಸಿವಿನ ಕೊನೆಯ ಸೂಚನೆ. ಅದಕ್ಕಿಂತ ಮುಂಚೆ ಮಗು ಬಾಯಿ ತೆರೆದು ತಲೆ ಆ ಕಡೆ ಈ ಕಡೆ ಹೊರಳಿಸುತ್ತದೆ, ಕೈ ಚೀಪುತ್ತದೆ. ಆಗಲೇ ಎದೆಗೆ ಹಾಕಿದರೆ ಸರಿಯಾಗಿ ಹಿಡಿಯುತ್ತದೆ. ಜೋರಾಗಿ ಅಳುವ ಮಗುವಿಗೆ ಹಾಲು ಹಿಡಿಯೋದೇ ಕಷ್ಟ.

ಈ ವಾರಗಳಲ್ಲಿ ದಿನಕ್ಕೆ 8ರಿಂದ 12 ಸಲ ಹಾಲು ಬೇಕು. ಸಂಜೆ ಮತ್ತು ರಾತ್ರಿ ಕೆಲವು ಗಂಟೆ ಬಿಟ್ಟೂಬಿಡದೆ ಕೇಳೋದು ಸಹಜ. ಎರಡು ಮೂರನೇ ವಾರದ ಹೊತ್ತಿಗೆ ಇದು ಇನ್ನೂ ಜಾಸ್ತಿ ಆಗಬಹುದು. ಹಾಲು ಕಮ್ಮಿಯಾಗಿದೆ ಅಂತ ಅರ್ಥ ಅಲ್ಲ. ಮಗು ಕುಡಿದಷ್ಟೂ ಹಾಲು ಹೆಚ್ಚುತ್ತದೆ. ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತೇ ಜಾಸ್ತಿ ಇರುತ್ತದೆ. ಹಾಗಾಗಿ ರಾತ್ರಿಯ ಹಾಲನ್ನು ಪೂರಾ ತಪ್ಪಿಸಬೇಡಿ.

ಹಾಲು ಸಾಲುತ್ತಿದೆಯಾ ಅನ್ನೋದನ್ನು ಅಳುವಿನಿಂದ ಲೆಕ್ಕ ಹಾಕಬೇಡಿ, ಒದ್ದೆ ಬಟ್ಟೆಯಿಂದ ಲೆಕ್ಕ ಹಾಕಿ. ಐದನೇ ದಿನದಿಂದ ಮುಂದೆ 24 ಗಂಟೆಯಲ್ಲಿ 6 ಸಲವಾದರೂ ಚೆನ್ನಾಗಿ ಉಚ್ಚೆ ಮಾಡಬೇಕು. ಮೊದಲ ದಿನಗಳ ಕಪ್ಪು ಅಂಟು ಕಕ್ಕ ಹೋಗಿ ಹಳದಿಗೆ ತಿರುಗಿರಬೇಕು. ಇನ್ನು ತೂಕ. ಹುಟ್ಟಿದ ಮೇಲೆ ಮೊದಲು ಶೇಕಡ 7ರಿಂದ 10ರವರೆಗೆ ಇಳಿಯುತ್ತದೆ. ಹತ್ತರಿಂದ ಹದಿನಾಲ್ಕು ದಿನದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ನಿಮ್ಮದು ಎರಡನೇ ವಾರ ಅಂದಿರಲ್ಲ, ಈ ವಾರ ಹೋಗಿ ತೂಕ ಹಾಕಿಸಿ. ತೂಕ ಸರಿ ಇದ್ದರೆ ಡಬ್ಬಿ ಹಾಲಿನ ಮಾತು ಹೇಳಿದವರಿಗೆ ಆ ಚೀಟಿ ಫೋಟೋ ತೆಗೆದು ಕಳಿಸಿ.

ಹೆಂಡತಿಗೆ ಕುಡಿಸುವಾಗ ನೋವಾಗುತ್ತಿದ್ದರೆ ಮಗು ಹಿಡಿದಿರೋದು ಸರಿ ಇಲ್ಲ ಅಂತ. ಬರೀ ತೊಟ್ಟು ಅಲ್ಲ, ಸುತ್ತಲಿನ ಕಪ್ಪು ಭಾಗವೂ ಸಾಕಷ್ಟು ಬಾಯೊಳಗೆ ಹೋಗಬೇಕು.

ಬನಶಂಕರಿ_ಬ್ಯಾಚುಲರ್ · ಬೆಳಿಗ್ಗೆ 8:15

ನಾನು ಬಾಡಿಗೆ ಮನೆ ಹುಡುಕುತ್ತಾ ಈ ಕಡೆ ಬಂದೆ. ಎಲ್ಲಾ ಓದಿದೆ. ಮದುವೆ ಮಾತುಕತೆ ಎರಡು ವರ್ಷ ಮುಂದೂಡುತ್ತಿದ್ದೇನೆ.

ತುಮಕೂರಿನ_ಅಜ್ಜಿ · ಬೆಳಿಗ್ಗೆ 10:05

ನನಗೆ 71 ವರ್ಷ. ನಾನು ಹೇಳುತ್ತಿದ್ದೇನೆ, ಮೊಮ್ಮಗ ಟೈಪ್ ಮಾಡುತ್ತಿದ್ದಾನೆ.

ಬಾಣಂತಿಗೆ ನೀರು ಕೊಡಬಾರದು ಅಂತ ನಮ್ಮತ್ತೆಯೂ ಹೇಳುತ್ತಿದ್ದರು. ಹೊಟ್ಟೆ ಬರುತ್ತದೆ ಅಂತ. ನಾನು ಬಚ್ಚಲುಮನೆಯಲ್ಲಿ ಕದ್ದು ಕುಡಿಯುತ್ತಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಸೊಸೆಗೆ ಜೀರಿಗೆ ಹಾಕಿ ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ತುಂಬಿ ಪಕ್ಕದಲ್ಲೇ ಇಟ್ಟಿರುತ್ತಿದ್ದೆ. ಎಷ್ಟು ಬೇಕೋ ಅಷ್ಟು ಕುಡಿಯಲಿ.

ಆದರೆ ಬಾಣಂತಿ ಕೋಣೆಯನ್ನು ನೀವೆಲ್ಲ ಸುಮ್ಮನೆ ಬೈಯಬೇಡಿ. ಪುರುಡು ಅಂತ ನಮ್ಮನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಆಗ ಬೇಜಾರೇ ಆಗುತ್ತಿತ್ತು. ಆದರೆ ಅಡುಗೆಮನೆಗೆ ಹೋಗುವ ಹಾಗಿಲ್ಲ, ಬಾವಿಯಿಂದ ನೀರು ಸೇದುವ ಹಾಗಿಲ್ಲ, ದನದ ಕೊಟ್ಟಿಗೆ ಕಡೆ ತಿರುಗಿ ನೋಡುವ ಹಾಗಿಲ್ಲ. ಮದುವೆಯಾಗಿ ಬಂದ ಮೇಲೆ ನನಗೆ ಮಲಗಿದಲ್ಲಿಗೆ ಊಟ ಬಂದದ್ದು ಆ ತಿಂಗಳುಗಳಲ್ಲಿ ಮಾತ್ರ. ಎಣ್ಣೆ ಹಚ್ಚೋಕೆ ಒಬ್ಬರು, ನೀರು ಹಾಕೋಕೆ ಒಬ್ಬರು, ಮಗುವಿನ ಬಟ್ಟೆ ಒಗೆಯೋಕೆ ಒಬ್ಬರು.

ಈಗಿನ ಹುಡುಗಿಯರನ್ನು ನೋಡುತ್ತೇನೆ. ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮಿಕ್ಸಿ ತಿರುಗಿಸುತ್ತಿರುತ್ತಾರೆ. ಶಾಸ್ತ್ರ ಎಲ್ಲಾ ಉಳಿದಿದೆ, ಕೆಲಸ ಮಾಡುವ ಕೈಗಳು ಹೋಗಿವೆ. ನನ್ನನ್ನು ಕೇಳಿದರೆ ಹತ್ತಿ ಬಿಟ್ಟರೂ ನಡೆಯುತ್ತದೆ. ಅವಳು ಒಲೆ ಹತ್ತಿರ ನಿಲ್ಲಬಾರದು, ಅಷ್ಟೇ. ಮಗಾ, ನಿನಗೆ ಸಾರು ಮಾಡೋಕೆ ಬರುತ್ತದಾ?

ಮಾಗಡಿರೋಡ್_ಅಪ್ಪ · ಬೆಳಿಗ್ಗೆ 10:30

ಅನ್ನ, ತಿಳಿಸಾರು ಬರುತ್ತದೆ ಅಜ್ಜಿ. ಪಲ್ಯ ಪರವಾಗಿಲ್ಲ. ಚಪಾತಿ ಮಾತ್ರ ಕರ್ನಾಟಕದ ಮ್ಯಾಪ್ ಥರ ಬರುತ್ತದೆ.

ತುಮಕೂರಿನ_ಅಜ್ಜಿ · ಬೆಳಿಗ್ಗೆ 10:42

ಸಾಕು. ಬೆಳ್ಳುಳ್ಳಿ, ಮೆಣಸು, ಜೀರಿಗೆ ಕುಟ್ಟಿ ಸಾರು ಮಾಡು. ಸಬ್ಬಸಿಗೆ ಸೊಪ್ಪು ಹಾಕಿ ತೊಗರಿಬೇಳೆ ಬೇಯಿಸು, ಮೇಲೆ ತುಪ್ಪ. ಅವಳು ಕೇಳೋವರೆಗೆ ಕಾಯಬೇಡ. ಹಾಲು ಕುಡಿಸುವವಳಿಗೆ ನಡುರಾತ್ರಿ ಹಸಿವಾಗುತ್ತದೆ. ತಲೆದಿಂಬಿನ ಹತ್ತಿರ ಒಂದು ಡಬ್ಬಿಯಲ್ಲಿ ಏನಾದರೂ ಇಟ್ಟಿರು.

ಧಾರವಾಡದಾಕೆ · ಮಧ್ಯಾಹ್ನ 12:20

ಅಜ್ಜಿ ಹೇಳಿದ ಆ ಡಬ್ಬಿಗೆ ನಮ್ಮ ಕಡೆಯ ಅಂಟಿನುಂಡಿ ಹಾಕಿಡಿ. ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪದಲ್ಲಿ ಹುರಿದ ಅಂಟು. ಒಂದು ತಿಂದರೆ ಬೆಳಗಿನವರೆಗೆ ಚಿಂತೆ ಇಲ್ಲ. ಆದರೆ ಹೊತ್ತಿಗೆ ಎರಡೆರಡು ತಿನ್ನಿಸಬೇಡಿ. ನನಗೆ ಹಾಗೆ ತಿನ್ನಿಸಿ, ಹೊಟ್ಟೆ ಕಟ್ಟಿ, ಹೊಲಿಗೆಯ ಜೊತೆ ನಾನು ಪಟ್ಟ ಪಾಡು ಇಲ್ಲಿ ಬರೆಯುವಂಥದ್ದಲ್ಲ. ಸೊಪ್ಪು, ಹಣ್ಣು, ನೀರು ಇರಲೇಬೇಕು. ಬಾಣಂತಿಗೆ ಹಣ್ಣು ಕೊಟ್ಟರೆ ಮಗುವಿಗೆ ಶೀತ ಆಗುತ್ತದೆ ಅನ್ನೋದನ್ನು ನಾನಂತೂ ನಂಬೋದಿಲ್ಲ.

ಅಳವಿ ಪಾಯಸವೂ ಒಳ್ಳೆಯದು. ಅಳವಿ ಕಾಳು ನೆನೆಹಾಕಿ ಬೆಲ್ಲ, ಹಾಲು ಹಾಕಿ ಕುದಿಸೋದು, ಅಷ್ಟೇ. ಚಪಾತಿಗಿಂತ ಸುಲಭ.

ಒಂದು ಜಗಳ ಮಾತ್ರ ನಾನು ಮಾಡಿಯೇ ಗೆದ್ದೆ. ಹೊರಸಿನ ಕೆಳಗೆ ಕೆಂಡ ಇಟ್ಟು, ಕಿಟಕಿ ಮುಚ್ಚಿ, ಲೋಬಾನ ಹಾಕುತ್ತಾರಲ್ಲ, ಅದು. ಮುಚ್ಚಿದ ರೂಮಿನಲ್ಲಿ ಇದ್ದಲು ಹೊಗೆ ತಾಯಿಗೂ ಅಪಾಯ, ಮಗುವಿಗೂ ಅಪಾಯ. ಹೊಗೆ ಬೇಕೇ ಬೇಕು ಅಂತ ಹಿರಿಯರು ಹಟ ಮಾಡಿದರೆ ದೇವರ ಮನೆಯಲ್ಲಿ ಹಾಕಲಿ.

ಮಕ್ಕಳವಾರ್ಡ್_ಸಿಸ್ಟರ್ · ಮಧ್ಯಾಹ್ನ 2:10

ನಿದ್ದೆ ಆಯಿತು. ಧಾರವಾಡದ ಅಕ್ಕ ಹೇಳಿದ್ದಕ್ಕೆ ಇನ್ನಷ್ಟು ಸೇರಿಸುತ್ತೇನೆ.

ಎಣ್ಣೆ ಹಚ್ಚಿ ನೀರು ಹಾಕೋಕೆ ಯಾರನ್ನಾದರೂ ಕರೆಸುವುದಾದರೆ ಮೊದಲೇ ಹೇಳಿಬಿಡಿ. ಕಿವಿ, ಮೂಗಿಗೆ ಎಣ್ಣೆ ಬೇಡ. ಮೂಗಿಗೆ ಊದೋದು, ಎಳೆದು ತಿದ್ದೋದು ಬೇಡ. ಹುಟ್ಟಿದ ಮಗುವಿನ ಎದೆ ಸ್ವಲ್ಪ ಊದಿರುತ್ತದೆ, ಹನಿ ಹಾಲೂ ಬರಬಹುದು. ತಾಯಿಯ ಹಾರ್ಮೋನಿನಿಂದ ಹಾಗೆ, ಗಂಡು ಮಕ್ಕಳಲ್ಲೂ ಇರುತ್ತದೆ. ಅದನ್ನು ಹಿಂಡಿ ತೆಗೆಯುತ್ತಾರೆ. ದಯವಿಟ್ಟು ಹಿಂಡೋಕೆ ಬಿಡಬೇಡಿ, ಕೀವು ತುಂಬಿ ವಾರ್ಡಿಗೆ ಬಂದ ಮಕ್ಕಳನ್ನು ನೋಡಿದ್ದೇನೆ. ಹೆಣ್ಣು ಮಗು ಅಂದಿರಿ. ಮೊದಲ ವಾರ ಬಟ್ಟೆಯಲ್ಲಿ ಒಂದೆರಡು ಹನಿ ರಕ್ತ ಕಂಡಿದ್ದರೆ ಅದಕ್ಕೂ ಇದೇ ಕಾರಣ.

ಹೊಕ್ಕುಳ ಬಳ್ಳಿ ಒಂದರಿಂದ ಮೂರು ವಾರದಲ್ಲಿ ತಾನೇ ಬೀಳುತ್ತದೆ. ಒಣಗಿರಲಿ, ಗಾಳಿ ಆಡಲಿ. ಅರಿಶಿನ, ಬೂದಿ, ಎಣ್ಣೆ ಏನೂ ಬೇಡ. ಬೀಳೋವರೆಗೆ ಸ್ನಾನದ ಬದಲು ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಜೇನುತುಪ್ಪ ನೆಕ್ಕಿಸಬೇಡಿ, ವರ್ಷ ತುಂಬೋವರೆಗೂ ಬೇಡ. ಬಜೆ, ಜಾಯಿಕಾಯಿ ತೇಯ್ದು ಕೊಡೋದೂ ಬೇಡ. ಆರು ತಿಂಗಳು ಎದೆಹಾಲು ಬಿಟ್ಟು ನೀರು ಕೂಡ ಬೇಡ. ಡಾಕ್ಟರ್ ಬರೆದ ವಿಟಮಿನ್ ಡಿ ಹನಿ ಮಾತ್ರ ದಿನಾ 400 ಐಯು. ದೃಷ್ಟಿಬೊಟ್ಟು ಇಡಲೇಬೇಕು ಅಂದರೆ ಅಂಗಾಲಿಗೆ ಇಡಿ, ಕಣ್ಣಿಗೆ ಕಾಡಿಗೆ ಬೇಡ.

ಮಲಗಿಸೋದು ಅಂಗಾತವಾಗಿ. ದಿಂಬು ಬೇಡ. ರಾಗಿ ದಿಂಬು, ಸಾಸಿವೆ ದಿಂಬು ಇದ್ದರೆ ತಲೆ ದುಂಡಗಾಗುತ್ತದೆ ಅನ್ನುತ್ತಾರೆ. ಎಚ್ಚರ ಇದ್ದಾಗ ಸ್ವಲ್ಪ ಹೊತ್ತು ಬೋರಲು ಹಾಕಿ, ಎತ್ತಿಕೊಳ್ಳಿ. ತಲೆ ತಾನೇ ಸರಿಹೋಗುತ್ತದೆ.

ಬಿಕ್ಕಳಿಕೆ, ಸೀನು, ನಿದ್ದೆಯಲ್ಲಿ ಬೆಚ್ಚಿ ಕೈ ಚಾಚೋದು, ಸ್ವಲ್ಪ ಹಾಲು ಕಕ್ಕೋದು, ಇವಕ್ಕೆಲ್ಲ ರಾತ್ರಿ ಗಾಬರಿ ಬೀಳಬೇಡಿ. ಇವಕ್ಕೆ ಮಾತ್ರ ಕಾಯಬೇಡಿ: ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಜಾಸ್ತಿ, ಮೈ ತಣ್ಣಗಾಗೋದು, ಹಾಲು ಕುಡಿಯೋದನ್ನೇ ಬಿಡೋದು, ಎಬ್ಬಿಸಿದರೂ ಏಳದಿರೋದು, ಉಸಿರಾಡುವಾಗ ಪಕ್ಕೆ ಒಳಗೆ ಹೋಗೋದು, ಅಂಗೈ ಅಂಗಾಲು ಹಳದಿ ಆಗೋದು. ಬೆಳಗಾಗಲಿ ಅಂತ ನೋಡಬೇಡಿ, ಆಗಲೇ ಹೊರಡಿ. ಗಾಡಿ ಇಲ್ಲದಿದ್ದರೆ 108.

ಹಾಸನ_ಹೊಸಬ · ಮಧ್ಯಾಹ್ನ 2:40

ಕಾಮಾಲೆಗೆ ಬೆಳಗಿನ ಎಳೆ ಬಿಸಿಲು ಸಾಕು ಅಂತಾರಲ್ಲ ಸಿಸ್ಟರ್?

ಮಕ್ಕಳವಾರ್ಡ್_ಸಿಸ್ಟರ್ · ಮಧ್ಯಾಹ್ನ 2:55

ಸಾಲೋದಿಲ್ಲ. ಎರಡು ಮೂರನೇ ದಿನ ಶುರುವಾಗಿ ಒಂದೆರಡು ವಾರದಲ್ಲಿ ಹೋಗುವ ಕಾಮಾಲೆ ಬಹಳ ಮಕ್ಕಳಿಗೆ ಬರುತ್ತದೆ, ಹಾಲು ಚೆನ್ನಾಗಿ ಕುಡಿಸಿದರೆ ಇಳಿಯುತ್ತದೆ. ಜಾಸ್ತಿ ಆದವರಿಗೆ ನೀಲಿ ದೀಪದ ಕೆಳಗೆ ಇಡುತ್ತಾರೆ. ಬಿಸಿಲು ಅದಕ್ಕೆ ಬದಲಿ ಅಲ್ಲ. ಹುಟ್ಟಿದ 24 ಗಂಟೆ ಒಳಗೇ ಹಳದಿ ಕಂಡರೆ ತಕ್ಷಣ ರಕ್ತಪರೀಕ್ಷೆ ಬೇಕು.

ಕುಂದಾಪ್ರ_ಭಾವ · ಸಂಜೆ 5:15

ಎಲ್ಲರೂ ಹಾಲಿನ ಬಗ್ಗೆ ಬರೆದಿರಿ. ಬಟ್ಟೆ ಬಗ್ಗೆ ಯಾರೂ ಬರೆಯಲಿಲ್ಲ, ಆಶ್ಚರ್ಯ. ನಮ್ಮ ಮಗ ಹುಟ್ಟಿದ್ದು ಜುಲೈನಲ್ಲಿ. ಕರಾವಳಿಯ ಜುಲೈ ಗೊತ್ತಲ್ಲ, ಟವೆಲ್ ಒಣಗೋದಕ್ಕೆ ಮೂರು ದಿನ ಬೇಕು. ಅಮ್ಮ ಹಳೆ ಪಂಚೆ, ಹಳೆ ಕಾಟನ್ ಸೀರೆ ಹರಿದು ರಾಶಿ ಬಟ್ಟೆ ಮಾಡಿಟ್ಟಿದ್ದರು. ಎರಡೇ ದಿನದಲ್ಲಿ ಖಾಲಿ. ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದೆವು, ಮಗು ಹೊಗೆ ವಾಸನೆ ಹೊಡೆಯುತ್ತಿತ್ತು.

ಕೊನೆಗೆ ಹಗಲು ಬಟ್ಟೆ, ರಾತ್ರಿ ಡೈಪರ್ ಅಂತ ಮಾಡಿಕೊಂಡೆವು. ರಾತ್ರಿ ಪಾಳಿಯ ಅಪ್ಪನಿಗೆ ಡೈಪರ್ ದೊಡ್ಡ ಉಪಕಾರ. ಕಕ್ಕ ಮಾಡಿದರೆ ಮಾತ್ರ ತಕ್ಷಣ ಬದಲಿಸಬೇಕು, ಇಲ್ಲದಿದ್ದರೆ ಕುಂಡೆ ಕೆಂಪಾಗುತ್ತದೆ. ಪರಿಮಳದ ವೈಪ್ಸ್ ಬಿಟ್ಟು ಹತ್ತಿ, ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಒಣಗಿಸಿ, ಆಮೇಲೆ ಕಟ್ಟಿ. ಒಂದು ಬುಟ್ಟಿಯಲ್ಲಿ ಬಟ್ಟೆ, ಡೈಪರ್, ಹತ್ತಿ, ಬೆಚ್ಚಗಿನ ನೀರಿನ ಫ್ಲಾಸ್ಕ್ ಜೋಡಿಸಿ ಮಂಚದ ಹತ್ತಿರ ಇಟ್ಟುಕೊಳ್ಳಿ. ಕತ್ತಲಲ್ಲಿ ಬೀರು ತೆರೆಯುವ ಶಬ್ದಕ್ಕೇ ನಮ್ಮವನು ಪೂರ್ತಿ ಎಚ್ಚರ ಆಗುತ್ತಿದ್ದ.

ತೇಗಿಸುವ ವಿಚಾರ. ಬೆನ್ನು ತಟ್ಟಿ ಹತ್ತು ನಿಮಿಷವಾದರೂ ತೇಗು ಬರದಿದ್ದರೆ ಹಟ ಹಿಡಿಯಬೇಡಿ. ಎಲ್ಲಾ ಸಲ ಬರಲೇಬೇಕು ಅಂತ ಇಲ್ಲ. ಸ್ವಲ್ಪ ಹೊತ್ತು ಭುಜದ ಮೇಲೆ ನೆಟ್ಟಗೆ ಹಿಡಿದುಕೊಂಡು ಆಮೇಲೆ ಮಲಗಿಸಿ.

ಐಂಡ್‌ಹೋವನ್_ಕನ್ನಡಿಗ · ಸಂಜೆ 6:40

ನೆದರ್‌ಲ್ಯಾಂಡ್ಸ್‌ನಿಂದ. ಅಜ್ಜಿ ಹೇಳಿದ ಕೈಗಳು ಇಲ್ಲಿ ಇನ್ಶೂರೆನ್ಸ್ ಮೂಲಕ ಬರುತ್ತವೆ. ಕ್ರಾಮ್‌ಜೋರ್ಗ್ ಅಂತಾರೆ. ಹೆರಿಗೆಯಾದ ಮೊದಲ ವಾರ, ಅಂದಾಜು ಎಂಟು ದಿನ, ತರಬೇತಿ ಪಡೆದ ಒಬ್ಬರು ದಿನಕ್ಕೆ ಕೆಲವು ಗಂಟೆ ಮನೆಗೇ ಬರುತ್ತಾರೆ. ಗಂಟೆಗೆ ಇಷ್ಟು ಅಂತ ಸ್ವಲ್ಪ ದುಡ್ಡು ನಾವು ಕೊಡಬೇಕು, ಉಳಿದದ್ದು ಇನ್ಶೂರೆನ್ಸ್ ನೋಡಿಕೊಳ್ಳುತ್ತದೆ.

ನಮ್ಮ ಮನೆಗೆ ಬಂದವರು ಮಗುವಿನ ಜ್ವರ, ತೂಕ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಹೊಲಿಗೆ ನೋಡುತ್ತಿದ್ದರು. ಹಾಲು ಕುಡಿಸೋದು ಕಲಿಸಿದರು. ಬಾತ್‌ರೂಮ್ ತೊಳೆದರು, ಬಟ್ಟೆ ಮಡಿಸಿದರು. ಬಂದ ನೆಂಟರಿಗೆ ಗಡಿಯಾರ ತೋರಿಸಿ ಎಬ್ಬಿಸಿ ಕಳಿಸಿದ್ದನ್ನೂ ಕಣ್ಣಾರೆ ನೋಡಿದೆ. ಹೆಂಡತಿ ಹಾಸಿಗೆ ಬಿಟ್ಟು ಇಳಿದರೆ ನನ್ನನ್ನು ಗದರುತ್ತಿದ್ದರು. ಭಾಷೆ ಬೇರೆ, ಉಳಿದಿದ್ದೆಲ್ಲ ನಮ್ಮ ಸೋದರತ್ತೆಯೇ.

ಮೆಣಸಿನ ಸಾರು ಮಾತ್ರ ನಾನೇ ಮಾಡಬೇಕಾಯಿತು. ಅಪ್ಪಂದಿರಿಗೆ ಇಲ್ಲಿ ಒಂದು ವಾರ ಪೂರ್ತಿ ಸಂಬಳದ ರಜೆ. 2020ರಿಂದ ಅದರ ಮೇಲೆ ಇನ್ನೂ ಐದು ವಾರದವರೆಗೆ ಶೇಕಡ 70ರಷ್ಟು ಹಣ ಸಿಗುವ ರಜೆ ಇದೆ. ಆ ಐದು ವಾರವನ್ನು ನಾವು ಅತ್ತೆ ವೀಸಾ ಮುಗಿದು ವಾಪಸ್ ಹೋದ ಮೇಲೆ ತೆಗೆದುಕೊಂಡೆವು. ಅದು ಒಳ್ಳೆಯದಾಯಿತು.

ಕುವೆಂಪುನಗರ_ಅಮ್ಮ · ಸಂಜೆ 7:02

ಕೇಳಿ ಹೊಟ್ಟೆ ಉರಿಯಿತು. ಇಲ್ಲಿ ಅಮ್ಮಂದಿರಿಗಾದರೂ 2017ರ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಇದೆ. ಅದೂ ಕಾಯ್ದೆ ಅನ್ವಯಿಸುವ ಕಡೆ ಕೆಲಸ ಮಾಡುವವರಿಗೆ. ಹೊಲ, ಗಾರೆ ಕೆಲಸ, ಮನೆಗೆಲಸದವರಿಗೆ ಎಲ್ಲಿಯ ರಜೆ? ಅಪ್ಪಂದಿರಿಗೆ ಕೇಂದ್ರ ಸರ್ಕಾರಿ ನೌಕರಿ ಆದರೆ 15 ದಿನ. ಖಾಸಗಿಯಲ್ಲಿ ಕಂಪನಿ ಮನಸ್ಸು ಮಾಡಿದಷ್ಟು. ಕಾನೂನು ಅಂತ ಏನೂ ಇಲ್ಲ.

ಆಶಾ_ಅಕ್ಕ_ಚನ್ನಪಟ್ಟಣ · ರಾತ್ರಿ 8:20

ಇನ್ಶೂರೆನ್ಸ್ ಇಲ್ಲದೆಯೂ ಮನೆಗೆ ಬರುವವರು ನಾವಿದ್ದೇವೆ, ಮರೆತುಬಿಟ್ಟಿರಿ. ಆಸ್ಪತ್ರೆ ಹೆರಿಗೆ ಆದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ತೂಕ ನೋಡುತ್ತೇವೆ, ಜ್ವರ ನೋಡುತ್ತೇವೆ, ಹೊಕ್ಕುಳ ನೋಡುತ್ತೇವೆ, ಹಾಲು ಹಿಡಿಯೋದು ಸರಿ ಇದೆಯಾ ಅಂತ ನೋಡುತ್ತೇವೆ. ಕೆಲಸ ಮಾಡಿಕೊಡೋದು ಆಗೋದಿಲ್ಲ, ನಮಗೆ ಒಬ್ಬೊಬ್ಬರಿಗೆ ಅಷ್ಟು ಮನೆಗಳು.

ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆ ಆದವರು ನಮ್ಮ ಪಟ್ಟಿಗೆ ಸಿಗೋದು ಕಷ್ಟ. ಬಾಡಿಗೆ ಮನೆಯವರು ಇನ್ನೂ ಕಷ್ಟ. ನೀವೇ ಹತ್ತಿರದಲ್ಲಿರುವ ಸರ್ಕಾರದ "ನಮ್ಮ ಕ್ಲಿನಿಕ್"ಗೋ ಆರೋಗ್ಯ ಕೇಂದ್ರಕ್ಕೋ ಹೋಗಿ ತಾಯಿ ಕಾರ್ಡ್ ತೋರಿಸಿ ಹೇಳಿ. ತಾಯಿಗೆ ಹೆರಿಗೆ ನಂತರವೂ 180 ದಿನ ಕಬ್ಬಿಣದ ಮಾತ್ರೆ ಇದೆ, ಕ್ಯಾಲ್ಸಿಯಂ ಇದೆ. ಎರಡನ್ನೂ ಒಟ್ಟಿಗೆ ನುಂಗಬಾರದು, ಬೇರೆ ಬೇರೆ ಹೊತ್ತಿಗೆ. ಮಗು ಹುಟ್ಟಿದ ಮೇಲೆ ಈ ಮಾತ್ರೆ ಯಾರಿಗೂ ನೆನಪಿರೋದಿಲ್ಲ. ಎಲ್ಲರೂ ತೊಟ್ಟಿಲನ್ನೇ ನೋಡುತ್ತಿರುತ್ತಾರೆ.

ಹೆಸರು_ಬೇಡ · ರಾತ್ರಿ 11:48

ಹೆಸರು ಹಾಕದೆ ಬರೆಯುತ್ತಿದ್ದೇನೆ. ನನಗೆ ಬಾಣಂತನಕ್ಕೆ ಜನ ಬೇಕಾದಷ್ಟಿದ್ದರು. ಅಮ್ಮ, ಚಿಕ್ಕಮ್ಮ, ಅತ್ತಿಗೆ. ಆದರೂ ನಾನು ದಿನಾ ಸಂಜೆಯಾದರೆ ಅಳುತ್ತಿದ್ದೆ. ಮೊದಲ ಎರಡು ವಾರ ಹಾಗಾಗೋದು ತುಂಬಾ ಜನರಿಗೆ ಇದ್ದದ್ದೇ ಅಂತ ಆಮೇಲೆ ತಿಳಿಯಿತು. ನನ್ನದು ನಿಲ್ಲಲಿಲ್ಲ. ಮಗು ಮಲಗಿದ್ದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಮಗುವನ್ನು ಮುಟ್ಟೋಕೆ ಭಯ. ಏನೇನೋ ಯೋಚನೆ. ಮನೆಯವರು "ಗಾಳಿ ಸೋಕಿದೆ" ಅಂತ ದೃಷ್ಟಿ ತೆಗೆದರು.

ನನ್ನ ಗಂಡ ಯಾರ ಮಾತೂ ಕೇಳದೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಅಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡ್ 2009ರಿಂದ ಇದೆ. ನನಗೆ ಸೇರುವ ಅಗತ್ಯ ಬೀಳಲಿಲ್ಲ, ಹೊರರೋಗಿಯಾಗಿ ತೋರಿಸಿಕೊಂಡೆ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆ ಕೊಟ್ಟರು. ಈಗ ಮಗುವಿಗೆ ಹಲ್ಲು ಬಂದಿದೆ, ನಾನು ಚೆನ್ನಾಗಿದ್ದೇನೆ.

ಮಾಗಡಿ ರೋಡ್ ಅವರೇ, ನಿಮ್ಮ ಹೆಂಡತಿಯನ್ನು "ಮಗು ಹೇಗಿದೆ" ಅಂತ ಅಲ್ಲ, "ನೀನು ಹೇಗಿದ್ದೀಯಾ" ಅಂತ ಕೇಳಿ. ಎರಡು ವಾರ ದಾಟಿಯೂ ಅಳು ಇದ್ದರೆ ಕಾಯಬೇಡಿ. ರಾತ್ರಿ ಹೊತ್ತು ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೂ ಮಾತಾಡುತ್ತಾರೆ. ದುಡ್ಡು ಇಲ್ಲ.

ಮಾಗಡಿರೋಡ್_ಅಪ್ಪ · ರಾತ್ರಿ 1:15

ಇದು ಇವರ ಹೆಂಡತಿ. ಪಾಳಿ ಪ್ರಕಾರ ನಾನು ಮಲಗಿರಬೇಕಿತ್ತು. ಈಗತಾನೇ ಹಾಲು ಕುಡಿಸಿ ಕೊಟ್ಟೆ, ಇವರು ಹಾಲ್‌ನಲ್ಲಿ ಮಗು ಹೊತ್ತುಕೊಂಡು ಓಡಾಡುತ್ತಿದ್ದಾರೆ, ಫೋನ್ ಇಲ್ಲೇ ಬಿಟ್ಟಿದ್ದಾರೆ. ಎಲ್ಲಾ ಓದಿದೆ.

ಹೆಸರು ಬೇಡ ಅಂದವರಿಗೆ ಮೊದಲು ಥ್ಯಾಂಕ್ಸ್. ನನಗೆ ಅಷ್ಟೊಂದು ಇಲ್ಲ. ಅಮ್ಮ ಇದ್ದಿದ್ದರೆ ಅನ್ನಿಸಿ ಅಳು ಬರುತ್ತದೆ, ಅದು ಬೇರೆ. ಆದರೂ ದಿನ ಎಣಿಸುತ್ತೇನೆ.

ನನಗೆ ಏನು ಬೇಕು ಅಂತ ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ಎರಡೂ ಕೈಯಲ್ಲಿ ತಟ್ಟೆ ಹಿಡಿದು ಬಿಸಿ ಊಟ ಮಾಡಬೇಕು. ಸ್ನಾನಕ್ಕೆ ಹೋದಾಗ ಬಾಗಿಲು ಬಡಿಯಬಾರದು. ಭಾನುವಾರ ಮಗು ನೋಡೋಕೆ ಬಂದವರು ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಕೂತಿದ್ದರು. ಅವರಿಗೆ ಕಾಫಿ ಮಾಡಿದ್ದು ನಾನು, ಯಾಕೆಂದರೆ ಇವರು ಮಾತಾಡುತ್ತಾ ಕೂತಿದ್ದರು. ಹಾಲು ಸಾಕಾಗುತ್ತಾ, ಸಾಕಾಗುತ್ತಾ ಅಂತ ಆರು ಬಾಯಿ ಕೇಳಿದವು. ಒಬ್ಬರು ಮಗುವಿನ ಕೆನ್ನೆಗೆ ಮುತ್ತು ಕೊಟ್ಟರು, ಅವರಿಗೆ ನೆಗಡಿ ಇತ್ತು. ನಾನು ಏನೂ ಹೇಳಲಿಲ್ಲ. ಹೇಳುವ ಕೆಲಸ ಬೇರೆ ಯಾರಾದರೂ ಮಾಡಬೇಕು. ಸಾರು ಕಲಿಯೋದಕ್ಕಿಂತ ಮೊದಲು ಇವರು ಅದನ್ನು ಕಲಿಯಲಿ.

ತುಮಕೂರಿನ_ಅಜ್ಜಿ · ಬೆಳಿಗ್ಗೆ 6:20

ಮಗಳೇ, ಹನ್ನೊಂದನೇ ದಿನದವರೆಗೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ ನಾವು. ಪುರುಡು ಅಂತ ಹೇಳಿದರೆ ಬಾಗಿಲಲ್ಲೇ ನಿಂತು ಹೋಗುತ್ತಿದ್ದರು. ನಿನ್ನ ಗಂಡನಿಗೂ ಅದನ್ನೇ ಹೇಳೋಕೆ ಹೇಳು. ನಾಮಕರಣದ ದಿನ ಎಲ್ಲರೂ ಬನ್ನಿ, ಅಲ್ಲಿಯವರೆಗೆ ನಮ್ಮಲ್ಲಿ ಕಟ್ಟುನಿಟ್ಟು ಅಂತ. ಶಾಸ್ತ್ರ ಅಂದರೆ ಯಾರೂ ಎದುರು ಮಾತಾಡೋದಿಲ್ಲ. ಡಾಕ್ಟರ್ ಹೇಳಿದರು ಅಂದರೆ ವಾದ ಮಾಡುತ್ತಾರೆ.

ಧಾರವಾಡದಾಕೆ · ಬೆಳಿಗ್ಗೆ 7:10

ಅಜ್ಜಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಈ ಉಪಾಯ ನನಗೆ ಮೊದಲೇ ಸಿಕ್ಕಿದ್ದರೆ!

ಮಾಗಡಿರೋಡ್_ಅಪ್ಪ · ಬೆಳಿಗ್ಗೆ 9:30

ನೋಡಿದೆ. ಬಾಗಿಲ ಮೇಲೆ ಚೀಟಿ ಅಂಟಿಸಿದ್ದೇನೆ. ಫ್ಯಾಮಿಲಿ ಗ್ರೂಪಿನಲ್ಲೂ ಹಾಕಿದೆ, ಅಜ್ಜಿಯ ಮಾತನ್ನೇ ಸ್ವಲ್ಪ ತಿದ್ದಿ. ಹನ್ನೊಂದು ದಿನ ಹೆಚ್ಚುಕಡಿಮೆ ಆಗಿಹೋಯಿತು, ಆದ್ದರಿಂದ ನಮ್ಮ ಮನೆಯ ಶಾಸ್ತ್ರ ನಲವತ್ತು ದಿನ ಅಂತ ಬರೆದಿದ್ದೇನೆ. ದೊಡ್ಡಪ್ಪ ಹೆಬ್ಬೆರಳು ತೋರಿಸಿದ್ದಾರೆ.

ಪಾಳಿ ಮೊದಲ ರಾತ್ರಿ ಅಷ್ಟಕ್ಕಷ್ಟೆ. ಇವಳು ನಿದ್ದೆ ಮಾಡದೆ ಫೋನ್ ಓದಿದಳು ಅಂತ ನಿಮಗೂ ಗೊತ್ತಾಗಿದೆ. ಇವತ್ತು ಮತ್ತೆ. ನಾಳೆ ತೂಕಕ್ಕೆ ಹೋಗುತ್ತೇವೆ.

ಇನ್ನೊಂದು ಪ್ರಶ್ನೆ. ಹೆಸರು ಇನ್ನೂ ತೀರ್ಮಾನ ಆಗಿಲ್ಲ. ಜನನ ಪ್ರಮಾಣಪತ್ರಕ್ಕೆ ಆಸ್ಪತ್ರೆಯವರು ಹೆಸರು ಕೇಳುತ್ತಿದ್ದಾರೆ. ಏನು ಮಾಡೋದು?

ಪಾಲಿಕೆ_ಗುಮಾಸ್ತ · ಬೆಳಿಗ್ಗೆ 10:50

ಗಡಿಬಿಡಿ ಬೇಡ. ಜನನ ನೋಂದಣಿ 21 ದಿನದ ಒಳಗೆ ಆಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಆ ಮಾಹಿತಿ ಕಳಿಸೋದು ಆಸ್ಪತ್ರೆಯ ಜವಾಬ್ದಾರಿ. ಹೆಸರಿನ ಜಾಗ ಖಾಲಿ ಬಿಡಬಹುದು. ನೋಂದಣಿಯಾದ 12 ತಿಂಗಳ ಒಳಗೆ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ಸೇರಿಸಬಹುದು, ಶುಲ್ಕ ಬೀಳುತ್ತದೆ. ಆದರೆ ಅಪ್ಪ ಅಮ್ಮನ ಹೆಸರಿನ ಕಾಗುಣಿತ ಮಾತ್ರ ಈಗಲೇ ನಿಮ್ಮ ಆಧಾರ್ ಜೊತೆ ಹೋಲಿಸಿ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿ ನಮ್ಮ ಕೌಂಟರಿಗೆ ಬರುವವರೇ ಜಾಸ್ತಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ತಾರೀಕಿನ ದಾಖಲೆ ಈ ಪತ್ರವೇ.

ಹಾಸನ_ಹೊಸಬ · ಬೆಳಿಗ್ಗೆ 11:05

ಸಿಸ್ಟರ್, ಇದ್ದೀರಾ? ನಮ್ಮ ಮಗುವಿಗೆ ಐದನೇ ವಾರ. ಎಡತೋಳಿನಲ್ಲಿ ಬಿಸಿಜಿ ಹಾಕಿದ ಜಾಗ ಈಗ ಉಬ್ಬಿ ಕೀವು ಥರ ಕಾಣುತ್ತಿದೆ. ಮುಂದಿನ ವಾರ ಮತ್ತೆ ಲಸಿಕೆ ಇದೆ. ಅಮ್ಮ ಅರಿಶಿನ ಹಚ್ಚೋಣ ಅನ್ನುತ್ತಿದ್ದಾರೆ.

ಮಕ್ಕಳವಾರ್ಡ್_ಸಿಸ್ಟರ್ · ಬೆಳಿಗ್ಗೆ 11:30

ಹಚ್ಚಬೇಡಿ. ಬಿಸಿಜಿ ಹಾಗೇ ಆಗುತ್ತದೆ. ಕೆಲವು ವಾರಕ್ಕೆ ಗುಳ್ಳೆ ಎದ್ದು, ಸ್ವಲ್ಪ ಸೋರಿ, ಒಣಗಿ ಕಲೆ ಉಳಿಯುತ್ತದೆ. ನಮ್ಮೆಲ್ಲರ ತೋಳಲ್ಲೂ ಇದೆಯಲ್ಲ ಅದೇ. ಹಿಂಡಬೇಡಿ, ಪಟ್ಟಿ ಕಟ್ಟಬೇಡಿ. ಕಂಕುಳಲ್ಲಿ ಗಂಟು ದೊಡ್ಡದಾಗಿ ಕಂಡರೆ ಮಾತ್ರ ತೋರಿಸಿ.

ಆರನೇ ವಾರದ್ದು ಸ್ವಲ್ಪ ಜಾಸ್ತಿ ಇರುತ್ತದೆ. ಪೆಂಟಾವಲೆಂಟ್, ನ್ಯುಮೋಕಾಕಲ್, ಐಪಿವಿ ಸೂಜಿ, ಜೊತೆಗೆ ಪೋಲಿಯೋ ಮತ್ತು ರೋಟಾ ಹನಿ. ಸರ್ಕಾರಿ ಕೇಂದ್ರದಲ್ಲಿ ಎಲ್ಲವೂ ಉಚಿತ. ಅವತ್ತು ಮಗುವಿಗೆ ಜ್ವರ ಬರಬಹುದು, ಕಿರಿಕಿರಿ ಮಾಡಬಹುದು. ಮಗುವಿನ ತೂಕಕ್ಕೆ ಪ್ಯಾರಾಸಿಟಮಾಲ್ ಎಷ್ಟು ಹನಿ ಅಂತ ಅಲ್ಲೇ ಬರೆಸಿಕೊಳ್ಳಿ, ಅಂದಾಜಿಗೆ ಕೊಡಬೇಡಿ. ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ತಾಯಿ ಕಾರ್ಡ್ ಮರೆಯಬೇಡಿ. ಮಗುವಿಗೆ ಸುಲಭವಾಗಿ ಬಿಚ್ಚುವ ಬಟ್ಟೆ ಹಾಕಿ ಕರೆದುಕೊಂಡು ಹೋಗಿ, ತೊಡೆಗೆ ಚುಚ್ಚುತ್ತಾರೆ. ಕಳೆದ ವಾರ ಒಂದು ಮಗುವನ್ನು ಸ್ವೆಟರ್, ಕುಲಾವಿ, ಮೂರು ಸುತ್ತು ಬಟ್ಟೆಯಿಂದ ಬಿಡಿಸೋ ಹೊತ್ತಿಗೆ ಹಿಂದೆ ಸಾಲು ಗೇಟ್ ತನಕ ಹೋಗಿತ್ತು.